ಇಪ್ಪತ್ತೇಳನೇ ಲಾಕರಿನ ಒಡತಿ

ನಮ್ಮ ಆತ್ಯಾ, ಅಂದರೆ ನಮ್ಮಪ್ಪನ ತಂಗಿ, ಯಾರ ಮೇಲಾದರೂ ಸಿಟ್ಟು ಮಾಡಿದ್ದನ್ನು ನಾನು ನೋಡಿಲ್ಲ. ಹಾಲಿನವನು ನೀರು ಬೆರೆಸಿ ತಂದರೂ ‘ಪಾಪ, ಎಮ್ಮಿಗೆ ಆರಾಮಿಲ್ಲೇನೊ’ ಅನ್ನುವ ಪೈಕಿ. ಮನೆತನದ ಸಿಟ್ಟೆಲ್ಲ ನನ್ನ ಪಾಲಿಗೇ ಬಂದಿದೆ. ಮಂಜರಿ ಬಾಯಿಯವರ ಸಿಟ್ಟು ಮೂಗಿನ ತುದಿಯಲ್ಲಿರುತ್ತದೆ ಎಂದು ನಮ್ಮ ಶಾಲೆಯ ಮಾಸ್ತರರು ಆಡಿಕೊಳ್ಳುವುದು ನನಗೂ ಗೊತ್ತು. ಹಾಗಾಗಿ ಆತ್ಯಾನ ಕಥೆಯನ್ನು ಸಮಾಧಾನದಿಂದ ಹೇಳು ಎಂದರೆ ಅದು ನನ್ನಿಂದ ಆಗುವ ಮಾತಲ್ಲ.

ಆಕೆಗೆ ಎರಡು ಹೆಸರು. ಅಕ್ಕಲಕೋಟೆಯಲ್ಲಿ ಹುಟ್ಟಿ ಇಪ್ಪತ್ತು ವರ್ಷ ಬೆಳೆದದ್ದು ದ್ರೌಪದಿಯಾಗಿ. 1961ರಲ್ಲಿ ಸೊಲ್ಲಾಪುರದ ಹತ್ತೂರಕರ ಮನೆಗೆ ಸೊಸೆಯಾಗಿ ಹೋದ ದಿನದಿಂದ ಗೋಪಿಕಾ. ನಮ್ಮ ಮಂದಿಯಲ್ಲಿ ಮದುವೆಯಾದರೆ ಹುಡುಗಿಯ ಅಡ್ಡಹೆಸರಷ್ಟೇ ಬದಲಾಗುವುದಿಲ್ಲ, ತೊಟ್ಟಿಲಲ್ಲಿ ಇಟ್ಟ ಹೆಸರೂ ಹೋಗುತ್ತದೆ. ಗಂಡನ ಮನೆಯವರು ತಮಗೆ ಹಿಡಿಸಿದ ಹೆಸರು ಇಡುತ್ತಾರೆ. ‘ಐದು ಮಂದಿ ಗಂಡಂದಿರನ್ನ ಕಟ್ಟಿಕೊಂಡಾಕಿ ಹೆಸರು ನಮ್ಮ ಮನಿಗೆ ಬ್ಯಾಡ’ ಎಂದು ಆಕೆಯ ಅತ್ತೆ ಹೇಳಿದರಂತೆ. ಅದು ನಮ್ಮ ಮುತ್ತಜ್ಜಿಯ ಹೆಸರು, ಆ ಮುತ್ತಜ್ಜಿ ಒಬ್ಬ ಗಂಡನನ್ನು ಸಂಭಾಳಿಸುವುದರಲ್ಲೇ ಹೈರಾಣಾಗಿದ್ದಳು ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ರೇಷನ್ ಕಾರ್ಡು, ಮತದಾರರ ಗುರುತಿನ ಚೀಟಿ, ದವಾಖಾನೆಯ ಕಾಗದ ಎಲ್ಲದರಲ್ಲೂ ಆಕೆ ಗೋಪಿಕಾ ದಾಮೋದರ ಹತ್ತೂರಕರ ಆದಳು.

1997ರ ಜನವರಿಯಲ್ಲಿ ಅಕ್ಕಲಕೋಟೆಯ ನಮ್ಮ ಮನೆಗೆ ಒಂದು ರಿಜಿಸ್ಟರ್ಡ್ ಪತ್ರ ಬಂತು. ಇದು ನಮ್ಮ ಅಜ್ಜನ ಮನೆ. ಅಪ್ಪ ಅವ್ವ ತೀರಿಕೊಂಡ ಮೇಲೆ ನಾನೊಬ್ಬಳೇ ಇರುತ್ತೇನೆ, ಊರಿನ ಕನ್ನಡ ಶಾಲೆಯಲ್ಲಿ ಕಲಿಸುತ್ತೇನೆ. ಪತ್ರದ ಮೇಲಿನ ಹೆಸರು ‘ಕುಮಾರಿ ದ್ರೌಪದಿ ಮೈಂದರ್ಗಿಕರ’. ಐವತ್ತಾರು ವಯಸ್ಸಿನ ಕುಮಾರಿಯನ್ನು ನೆನೆದು ಮೊದಲು ನಕ್ಕೆ, ಆಮೇಲೆ ಒಡೆದು ಓದಿದೆ. ಪೇಟೆಯ ಬ್ಯಾಂಕಿನವರು ಬರೆದಿದ್ದರು. ಬ್ಯಾಂಕಿಗೆ ಕಂಪ್ಯೂಟರ್ ಬಂದಿದೆ. ಬಹಳ ವರ್ಷಗಳಿಂದ ತೆರೆಯದ ಲಾಕರುಗಳ ಒಡೆಯರು ಖುದ್ದಾಗಿ ಬಂದು ತಮ್ಮ ಗುರುತು ಪಕ್ಕಾ ಮಾಡಿಸಿಕೊಳ್ಳಬೇಕು. ಮಾರ್ಚ್ ಇಪ್ಪತ್ತರೊಳಗೆ ಬಾರದಿದ್ದರೆ ಪಂಚರ, ಅಂದರೆ ಸಾಕ್ಷಿದಾರರ, ಎದುರಿಗೆ ಲಾಕರ್ ಒಡೆಯಲಾಗುವುದು. ಲಾಕರ್ ನಂಬರು ಇಪ್ಪತ್ತೇಳು.

ಆತ್ಯಾನಿಗೆ ಲಾಕರ್ ಇದೆ ಎಂಬುದೇ ನನಗೆ ಗೊತ್ತಿರಲಿಲ್ಲ. ಭಾನುವಾರ ಬಸ್ಸು ಹತ್ತಿ ಸೊಲ್ಲಾಪುರಕ್ಕೆ ಹೋದೆ. ಆಕೆಯ ಗಂಡ ದಾಮೋದರ ಮಾಮಾ ಹೊರಗಿನ ಕೋಣೆಯಲ್ಲಿ ಮರಾಠಿ ಪೇಪರು ಓದುತ್ತಿದ್ದರು. ಅಡುಗೆಮನೆಯಲ್ಲಿ ಪತ್ರ ಕೈಗಿಟ್ಟ ಕೂಡಲೇ ಆತ್ಯಾ ನನ್ನ ಬಾಯಿ ಮುಚ್ಚಿದಳು. ಅಂದರೆ ನಿಜವಾಗಿಯೂ ಹಿಟ್ಟಿನ ಕೈಯಿಂದ ನನ್ನ ಬಾಯಿ ಮುಚ್ಚಿದಳು.

“ಅವರಿಗೆ ಗೊತ್ತಿಲ್ಲ ಮಂಜಿ. ಮೂವತ್ತಾರು ವರ್ಷ ಆತು, ಗೊತ್ತಿಲ್ಲ.”

ವಿಷಯ ಇಷ್ಟು. ಮದುವೆಗೆ ಎರಡು ತಿಂಗಳು ಮುಂಚೆ ನಮ್ಮ ಅಜ್ಜಿ ತನ್ನ ಎರಡು ಪಾಟಲಿಗಳನ್ನು, ಅಗಲವಾದ ಬಂಗಾರದ ಬಳೆಗಳನ್ನು, ಕೈಯಿಂದ ಬಿಚ್ಚಿ ಮಗಳಿಗೆ ಕೊಟ್ಟಿದ್ದಳು. ಅಜ್ಜ ಆಕೆಯನ್ನು ಬ್ಯಾಂಕಿಗೆ ಕರೆದುಕೊಂಡು ಹೋಗಿ ಆಕೆಯ ಹೆಸರಿಗೇ ಲಾಕರ್ ತೆಗೆಸಿದ. ಬಾಡಿಗೆ ಕಟ್ಟುವ ತಂಟೆ ಬೇಡವೆಂದು ಒಂದು ಠೇವಣಿ ಇಟ್ಟು, ಅದರ ಬಡ್ಡಿಯಿಂದಲೇ ಬಾಡಿಗೆ ಹೋಗುವಂತೆ ಮಾಡಿದ. ‘ಇವು ನಿನ್ನವು. ನಿನ್ನ ಹೊಟ್ಟಿಲೆ ಹುಟ್ಟಿದ ಹೆಣ್ಣಮಗಳಿಗೆ ಹಾಕು. ಆ ಮನ್ಯಾಗ ಇದರ ಸುದ್ದಿ ತಗೀಬ್ಯಾಡ’ ಎಂದಿದ್ದಳು ಅಜ್ಜಿ. ಅಜ್ಜಿಯ ಲೆಕ್ಕ ತಪ್ಪಲಿಲ್ಲ. ಆತ್ಯಾ ಮೈಮೇಲೆ ಹಾಕಿಕೊಂಡು ಹೋದ ಬಂಗಾರವೆಲ್ಲ ಮಾಮಾನ ಇಬ್ಬರು ತಂಗಿಯರ ಮದುವೆಯಲ್ಲಿ ಕರಗಿತು. ಉಳಿದ ಒಂದು ಸರ ಮಾಮಾನ ತಮ್ಮನ ಸೈಕಲ್ ಅಂಗಡಿಗೆ ಹೋಯಿತು. ಅಂಗಡಿಯೂ ಹೋಯಿತು. ಆತ್ಯಾ ಚಕಾರ ಎತ್ತಲಿಲ್ಲ.

ಈಗ ಆಕೆಯ ಒಬ್ಬಳೇ ಮಗಳು ಸಾಯಲಿಯ ಮದುವೆ ಮೇ ತಿಂಗಳಲ್ಲಿ ಗೊತ್ತಾಗಿತ್ತು. ಮಂಗಳಸೂತ್ರ ಬಿಟ್ಟರೆ ಬೇರೆ ಬಂಗಾರ ಹಾಕುವ ತಾಕತ್ತು ನನ್ನ ಪಿಂಚಣಿಗಿಲ್ಲ ಎಂದು ಮಾಮಾ ಕೈ ಝಾಡಿಸಿದ್ದರು. ಆ ಮಾತು ಕೇಳಿದಾಗಲೂ ಆತ್ಯಾ ಸುಮ್ಮನಿದ್ದದ್ದು ಯಾಕೆ ಎಂದು ನನಗೆ ಆ ಭಾನುವಾರ ತಿಳಿಯಿತು. ತನ್ನ ತಾಯಿಯ ಪಾಟಲಿಗಳನ್ನು ಮಗಳ ಕೈಗೆ ಹಾಕುವ ದಿನಕ್ಕಾಗಿ ಆಕೆ ಇಷ್ಟು ವರ್ಷ ಬಾಯಿಗೆ ಬೀಗ ಹಾಕಿಕೊಂಡಿದ್ದಳು.

“ಮಾಮಾಗ ಹೇಳಿಬಿಡಲಾ?” ಅಂದೆ.

“ಅವರ ತಮ್ಮನ ಮಗನ ಲಗ್ನ ದೀಪಾವಳಿ ಆದಮ್ಯಾಲ ಅದ,” ಅಂದಳು ಆತ್ಯಾ. ಪಾಟಲಿಗಳು ಯಾವ ಮದುವೆಯಲ್ಲಿ ಕರಗುತ್ತವೆಂದು ಆಕೆ ಬಿಡಿಸಿ ಹೇಳುವ ಅಗತ್ಯವಿರಲಿಲ್ಲ.

ಮರುವಾರದಿಂದ ಆಕೆ ಗುರುವಾರಕ್ಕೊಮ್ಮೆ ಅಕ್ಕಲಕೋಟೆಗೆ ಬರತೊಡಗಿದಳು. ಸ್ವಾಮಿಗಳ ದರ್ಶನಕ್ಕೆ ಎಂದು ಮನೆಯಲ್ಲಿ ನೆಪ. ಹೆಂಡತಿಗೆ ಈ ವಯಸ್ಸಿನಲ್ಲಿ ಭಕ್ತಿ ಹೆಚ್ಚಾಯಿತೆಂದು ಮಾಮಾನಿಗೆ ಖುಷಿಯೋ ಖುಷಿ. ತಮ್ಮ ಹೆಸರಿನ ಅಭಿಷೇಕಕ್ಕೆ ಕೈಯಾರೆ ಹನ್ನೊಂದು ರೂಪಾಯಿ ಕೊಟ್ಟು ಕಳಿಸುತ್ತಿದ್ದರು. ನಾವು ಹತ್ತು ಗಂಟೆಗೇ ಬ್ಯಾಂಕಿನ ಬೆಂಚಿನ ಮೇಲೆ ಹಾಜರಿ ಹಾಕುತ್ತಿದ್ದೆವು. ಪ್ರಸಾದ ಕೊಳ್ಳುತ್ತಿದ್ದದ್ದು ಸಂಜೆ, ಬಸ್ಸು ಹೊರಡುವ ಗಡಿಬಿಡಿಯಲ್ಲಿ.

ಮೊದಲೆಲ್ಲ ಆ ಬ್ಯಾಂಕಿನಲ್ಲಿ ಕಲ್ಯಾಣಪ್ಪ ಎಂಬ ಹಳೆಯ ಕ್ಯಾಶಿಯರ್ ಇದ್ದರು. ಊರಿನ ಯಾರು ಯಾರ ಮಗಳು, ಯಾವ ಊರಿಗೆ ಕೊಟ್ಟಿದ್ದಾರೆ, ಎಲ್ಲ ಅವರ ನಾಲಿಗೆಯ ತುದಿಯಲ್ಲಿತ್ತು. ಅಜ್ಜ ತೀರಿಕೊಂಡ ವರ್ಷ ಆತ್ಯಾ ಒಮ್ಮೆ ಲಾಕರ್ ನೋಡಲು ಹೋದಾಗ ‘ಬಾರವ್ವಾ ದ್ರೌಪದಿ’ ಎಂದು ಅವರೇ ಚಹಾ ತರಿಸಿದ್ದರಂತೆ. ಈಗ ಕಲ್ಯಾಣಪ್ಪನವರೂ ಇಲ್ಲ, ಅವರ ಚಹಾವೂ ಇಲ್ಲ. ಆ ಜಾಗದಲ್ಲಿ ಪರಾಗ ಎಂಬ ಅಧಿಕಾರಿ ಕೂತಿದ್ದ. ಮೂವತ್ತು ದಾಟಿರಲಿಕ್ಕಿಲ್ಲ. ಪುಣೆಯ ಕಡೆಯವನು, ಕನ್ನಡದ ಗಂಧವಿಲ್ಲ. ಸೊಕ್ಕಿನವನು ಎಂದರೆ ಅನ್ಯಾಯವಾದೀತು. ನಯವಾಗಿ, ಬಾಯಿ ಬಾಯಿ ಎಂದು ಮರ್ಯಾದೆಯಿಂದ ಕರೆಯುತ್ತಲೇ ಜೀವ ಹಿಂಡಿದ.

ಅವನು ಹಳೆಯ ಕಾರ್ಡು ಹುಡುಕಿಸಿ ತರಿಸಿದ. ಅದರ ಮೇಲೆ ಕನ್ನಡದಲ್ಲಿ ಆತ್ಯಾನ ಸಹಿ ಇತ್ತು. ಇನ್ನೊಂದು ಸಹಿ ಮಾಡಿ ತೋರಿಸಿ ಎಂದ. ಆತ್ಯಾ ಹದಿನೈದು ದಿನದಿಂದ ಕ್ಯಾಲೆಂಡರಿನ ಹಳೆಯ ಹಾಳೆಗಳ ಬೆನ್ನಿಗೆ ಅದನ್ನೇ ಬರೆದು ಬರೆದು ರೂಢಿ ಮಾಡಿಕೊಂಡಿದ್ದಳು. ಹಾಗಿದ್ದೂ, ಮೂವತ್ತಾರು ವರ್ಷ ದೇವನಾಗರಿಯಲ್ಲಿ ಗೋಪಿಕಾ ಎಂದು ಬರೆದ ಕೈ ಅದು. ದ್ರೌ ಬರೆಯುವಾಗಲೇ ನಡುಗಿತು. ಪರಾಗ ಎರಡನ್ನೂ ಅಕ್ಕಪಕ್ಕ ಹಿಡಿದು ತಲೆ ಅಲ್ಲಾಡಿಸಿದ. ನಾನೂ ಇಣುಕಿ ನೋಡಿದೆ. ಕಾರ್ಡಿನ ಮೇಲಿನ ಅಕ್ಷರ ದುಂಡಗೆ, ಎಳೆ ಹುಡುಗಿಯ ಕೆನ್ನೆಯ ಹಾಗಿತ್ತು. ಈಗಿನದಕ್ಕೆ ಸುಕ್ಕು ಬಿದ್ದಿತ್ತು.

“ಸಂಕೇತಪದ ಹೇಳಿ,” ಎಂದ ಮರಾಠಿಯಲ್ಲಿ. ಲಾಕರ್ ತೆಗೆಯುವಾಗ ಒಡೆಯರು ಒಂದು ಗುಟ್ಟಿನ ಪದ ಬರೆದುಕೊಡುವುದು ಆಗಲೂ ಇತ್ತು. ಆತ್ಯಾನ ಮುಖ ಕೆಂಪಾಯಿತು. ಹತ್ತೊಂಬತ್ತು ದಾಟಿದ ಹುಡುಗಿ ಅಂದು ಬೆಳಿಗ್ಗೆ ತಿಂದದ್ದನ್ನೇ ಬರೆದಿದ್ದಳು. ಮೇಜಿನ ಮೇಲೆ ಬಗ್ಗಿ, ಸೆರಗು ಬಾಯಿಗೆ ಅಡ್ಡ ಹಿಡಿದು, “ಶೇಂಗಾ ಹೋಳಗಿ,” ಎಂದು ಪಿಸುಗುಟ್ಟಿದಳು.

ಪರಾಗ ಕಾರ್ಡು ನೋಡಿದ. ಅದನ್ನೂ ಕನ್ನಡದಲ್ಲೇ ಬರೆದಿತ್ತು. ಸರಿಯೋ ತಪ್ಪೋ ಅವನಿಗೆ ಹೇಗೆ ಗೊತ್ತಾಗಬೇಕು?

“ಕೊಡ್ರಿ, ನಾ ಓದಿ ಹೇಳ್ತೀನಿ,” ಅಂದೆ. ನೀವು ಅವರ ಕಡೆಯವರು, ನಿಮಗೆ ತೋರಿಸುವ ಹಾಗಿಲ್ಲ ಎಂದ. ಜವಾನ ಸಿದ್ರಾಮನನ್ನು ಕರೆದ. ಸಿದ್ರಾಮ ವಾಗದರಿಯವನು, ನಾಲ್ಕನೇ ಇಯತ್ತೆಯವರೆಗೆ ಕನ್ನಡ ಕಲಿತವನು. ಅವನು ಕಾರ್ಡನ್ನು ಕಿಟಕಿಯ ಬೆಳಕಿಗೆ ಹಿಡಿದು, ಇನ್ಸ್‌ಪೆಕ್ಟರ್ ಎದುರಿಗೆ ಪಾಠ ಒಪ್ಪಿಸುವವನ ಹಾಗೆ ದೊಡ್ಡ ದನಿ ತೆಗೆದ.

“ಶೇಂ... ಗಾ... ಹೋ... ಳ... ಗಿ! ಶೇಂಗಾ ಹೋಳಗಿ ಅಂತ ಬರದೈತ್ರಿ ಸಾಹೇಬ್ರ!”

ಹಣ ಕಟ್ಟಲು ನಿಂತಿದ್ದ ಸಾಲಿಗೆ ಸಾಲೇ ತಿರುಗಿ ನೋಡಿತು. ಯಾರೋ ಕಿಸಕ್ಕೆಂದರು. ನನಗೆ ಮಾತ್ರ ಸಂತೋಷವಾಯಿತು. ಸಂಕೇತಪದ ಹೊಂದಿತಲ್ಲ! ಪರಾಗ ಪೆನ್ನಿನ ಟೋಪಿ ಮುಚ್ಚಿ ನಯವಾಗಿ ವಿವರಿಸಿದ. ಈಗ ಈ ಪದ ಹತ್ತು ಮಂದಿಯ ಕಿವಿಗೆ ಬಿದ್ದಿದೆ. ಆದ್ದರಿಂದ ಇದು ಗುಟ್ಟಾಗಿ ಉಳಿದಿಲ್ಲ, ಇದನ್ನು ಮಾನ್ಯ ಮಾಡಲು ಬರುವುದಿಲ್ಲ. ಹೊಸ ಪದಕ್ಕೆ ಅರ್ಜಿ ಕೊಡಬೇಕು. ಅರ್ಜಿಯನ್ನು ಲಾಕರಿನ ಒಡತಿಯೇ ಕೊಡಬೇಕು. ಒಡತಿ ಇವರೇ ಎಂದು ಮೊದಲು ಸಾಬೀತಾಗಬೇಕು.

ನನ್ನ ಮೈಯೆಲ್ಲ ಉರಿದುಹೋಯಿತು. “ಒದರಿದಾಂವ ನಿಮ್ಮ ಮನಶ್ಯಾ ಅಲ್ಲೇನ್ರಿ? ನಿಮ್ಮ ಬ್ಯಾಂಕೇ ಡಂಗುರಾ ಸಾರಿ, ಈಗ ಗುಟ್ಟು ಒಡೀತು ಅಂತೀರಿ?” ಎಂದು ಕನ್ನಡದಲ್ಲೂ, ಅರ್ಥವಾಗಲೆಂದು ಮತ್ತೆ ಮರಾಠಿಯಲ್ಲೂ ಕೂಗಾಡಿದೆ.

“ಬಾಯಿ, ನಿಯಮ ಮ್ಹಣಜೆ ನಿಯಮ,” ಎಂದ ಪರಾಗ. ನಿಯಮ ಅಂದರೆ ನಿಯಮ. ಸಿದ್ರಾಮ ಮಾತ್ರ ಬಾಗಿಲವರೆಗೆ ಬಂದು, “ತಪ್ಪಾತ್ರಿ ಅಕ್ಕಾರ, ನನಗೇನು ಗೊತ್ತು ಅದು ಮನಸಿನ್ಯಾಗ ಓದೂದಂತ,” ಎಂದು ಕೈಮುಗಿದ.

ಮುಂದಿನ ಗುರುವಾರಗಳಲ್ಲಿ ನಾವು ಒಂದೊಂದೇ ಕಾಗದ ಹೊತ್ತು ತಂದೆವು. ಶಾಲೆಯ ದಾಖಲೆ ತೆಗೆಸಿದೆ, ಅದರಲ್ಲಿ ದ್ರೌಪದಿ ಇದ್ದಳು, ಗೋಪಿಕಾ ಇರಲಿಲ್ಲ. ರೇಷನ್ ಕಾರ್ಡು ಕೊಟ್ಟೆವು, ಅದರಲ್ಲಿ ಗೋಪಿಕಾ ಇದ್ದಳು, ದ್ರೌಪದಿ ಇರಲಿಲ್ಲ. ಅಜ್ಜನ ಟ್ರಂಕಿನಲ್ಲಿ ಗೆದ್ದಲು ಬಿಟ್ಟು ಉಳಿದ ಲಗ್ನಪತ್ರಿಕೆ ಸಿಕ್ಕಿತು, ಚಿರಂಜೀವಿ ದಾಮೋದರ, ಸೌಭಾಗ್ಯಕಾಂಕ್ಷಿಣಿ ದ್ರೌಪದಿ ಎಂದು ಅಚ್ಚಾಗಿತ್ತು. ಗೆದ್ದೆವು ಎಂದುಕೊಂಡೆ. ಪತ್ರಿಕೆ ಯಾರು ಬೇಕಾದರೂ ಅಚ್ಚು ಹಾಕಿಸಬಹುದು, ಅದು ಸರ್ಕಾರಿ ಕಾಗದವಲ್ಲ ಎಂದ ಪರಾಗ. ಹೆಸರು ಬದಲಾದದ್ದನ್ನು ಗೆಜೆಟ್ಟಿನಲ್ಲಿ ಹಾಕಿಸಿ ತನ್ನಿ ಎಂದ. ಅದಕ್ಕೆ ನಾಲ್ಕು ತಿಂಗಳು ಬೇಕು, ಉಳಿದಿದ್ದದ್ದು ನಾಲ್ಕು ವಾರ.

ನಮ್ಮ ಓಣಿಯ ತುಳಜಾಬಾಯಿಗೆ ಎಂಬತ್ತು ದಾಟಿದೆ. ಆತ್ಯಾನಿಗೆ ಎಣ್ಣೆ ಹಚ್ಚಿ ಎರೆದವಳು. ಸುದ್ದಿ ಕೇಳಿ ಕೋಲೂರಿಕೊಂಡು ತಾನೇ ಬ್ಯಾಂಕಿಗೆ ಬಂದಳು. “ಏ ತಮ್ಮಾ, ಇಕಿ ನಮ್ಮ ದ್ರೌಪದಿ. ಇಕಿ ಮೊಣಕಾಲಿಗೆ ಪೆಟ್ಟು ಬಿದ್ದ ಕಲಿ ಐತಿ, ಬೇಕಾದ್ರ ತೋರಸ್ತೀನಿ,” ಎಂದು ಆತ್ಯಾನ ಸೀರೆಗೇ ಕೈ ಹಾಕಿದಳು. ಪರಾಗ ಗಾಬರಿಯಿಂದ ಮುಖ ತಿರುಗಿಸಿ, ಅಜ್ಜಿ, ನಿಮ್ಮ ಗುರುತಿನ ಚೀಟಿ ಎಲ್ಲಿ ಎಂದು ಕೇಳಿದ. ಇರಲಿಲ್ಲ. ಫೋಟೋ ತೆಗೆಯುವ ದಿನ ಆಕೆಗೆ ಚಳಿಜ್ವರ ಬಂದಿತ್ತು. ಹೀಗಾಗಿ ಸಾಕ್ಷಿ ಹೇಳಲು ಬಂದವಳು ತಾನೇ ಯಾರೆಂದು ತೋರಿಸಲಾಗದೆ ಬೈಯುತ್ತ ಮನೆಗೆ ಹೋದಳು. ನಾನು ಹೇಳಿದರೆ ನಡೆಯುತ್ತದೆಯೇ ಎಂದೆ. ಮದುವೆಯಾಗಿ ನಾಲ್ಕು ವರ್ಷಕ್ಕೆ ಹುಟ್ಟಿದವರು ನೀವು, ಮದುವೆಗೆ ಮುಂಚಿನ ಹೆಸರು ನಿಮಗೆ ಹೇಗೆ ಗೊತ್ತು ಎಂದ. ಲೆಕ್ಕ ಸರಿಯಾಗಿಯೇ ಇತ್ತು. ಅವನ ಎಲ್ಲ ಲೆಕ್ಕವೂ ಸರಿಯಾಗಿಯೇ ಇರುತ್ತಿತ್ತು, ಅದಕ್ಕೇ ತಲೆ ಚಿಟ್ಟು ಹಿಡಿಯುತ್ತಿತ್ತು.

ಫೆಬ್ರವರಿ ಮುಗಿಯುವ ಹೊತ್ತಿಗೆ ಅವನೇ ಒಂದು ದಾರಿ ಹೇಳಿದ. ಮುಖ್ಯ ಕಚೇರಿಯ ಒಂದು ಛಾಪಿಸಿದ ಪ್ರತಿಜ್ಞಾಪತ್ರವಿದೆ. ಗಂಡ ಅದಕ್ಕೆ ಸಹಿ ಮಾಡಿದರೆ ಸಾಕು, ಬೇರೇನೂ ಬೇಡ. ಮರುದಿನವೇ ಲಾಕರ್ ತೆರೆಯಬಹುದು.

ಆತ್ಯಾ ಆ ಕಾಗದವನ್ನು ಒಂದು ವಾರ ಬೇಳೆಯ ಡಬ್ಬಿಯ ಕೆಳಗೆ ಇಟ್ಟುಕೊಂಡಿದ್ದಳು. ಕಡೆಗೆ ಮಾರ್ಚ್ ಮೊದಲ ಭಾನುವಾರ, ನಾನೂ ಇದ್ದಾಗ, ಮಾಮಾನ ಎದುರಿಗೆ ಇಟ್ಟು ಎಲ್ಲ ಹೇಳಿದಳು. ಪಾಟಲಿ, ಲಾಕರ್, ಗುರುವಾರದ ದರ್ಶನ, ಯಾವುದನ್ನೂ ಬಿಡಲಿಲ್ಲ. ಮಾಮಾ ಅಭಿಷೇಕದ ಹನ್ನೊಂದು ರೂಪಾಯಿ ಏನಾಯಿತೆಂದು ಕೇಳಲಿಲ್ಲ. ಕನ್ನಡಕ ಹಾಕಿಕೊಂಡರು. ಮೂವತ್ನಾಲ್ಕು ವರ್ಷ ಸರ್ಕಾರಿ ಕಚೇರಿಯ ದಫ್ತರದಲ್ಲಿ ಕಾಗದ ತಪಾಸಣೆ ಮಾಡಿ ನಿವೃತ್ತರಾದವರು. ಪೆನ್ಸಿಲ್ ಹಿಡಿದು ಮೇಲಿನಿಂದ ಒಂದೊಂದೇ ಸಾಲು ಓದುತ್ತ ಬಂದರು. ಮೂರನೇ ಕಲಮಿಗೆ ಪೆನ್ಸಿಲ್ ನಿಂತಿತು.

“ಸದರಿ ಸ್ತ್ರೀಯನ್ನು ನಾನು ಎರಡೂ ಹೆಸರುಗಳಿಂದ ಬಲ್ಲೆನು,” ಎಂದು ಮರಾಠಿಯಲ್ಲಿದ್ದದ್ದನ್ನು ಕನ್ನಡ ಮಾಡಿ ಓದಿದರು. “ಇದು ಸುಳ್ಳು.”

“ಏನ ಸುಳ್ಳು ಮಾಮಾ?” ಅಂದೆ.

“ಲಗ್ನಕಿಂತ ಮೊದಲ ನಾ ಈಕಿನ್ನ ನೋಡೇ ಇಲ್ಲ. ನಮ್ಮ ಹೊಸ್ತಿಲಾ ದಾಟಿ ಬಂದಾಕಿ ಗೋಪಿಕಾ. ಒಂದು ದಿನಾನೂ ಬ್ಯಾರೆ ಹೆಸರಲೆ ಕರದಿಲ್ಲ. ದ್ರೌಪದಿ ಅನ್ನಾಕಿ ನನಗ ಗೊತ್ತಿಲ್ಲ. ಮೂವತ್ತಾರು ವರ್ಷ ಗಂಡಗ ಮುಚ್ಚಿಟ್ಟು ಲಾಕರ್ ಇಟ್ಟಾಕಿ ಯಾರು, ಯಾಂವ ಬಲ್ಲ? ಸ್ಟಾಂಪ್ ಪೇಪರಿನ ಮ್ಯಾಲ ನಾ ಸುಳ್ಳು ಬರಿಯೂದಿಲ್ಲ.”

ಆತ್ಯಾ ಅಂದಳು, “ಸಾಯಲಿ ಸಲವಾಗಿರಿ. ನನ್ನ ಸಲವಾಗಿ ಅಲ್ಲ.”

ಮಾಮಾ ಕಾಗದವನ್ನು ಮೂರು ಮಡಿಕೆ ಮಡಚಿ ಆಕೆಯ ಕಡೆ ಸರಿಸಿದರು. ಅವರಿಗೆ ನೋವಾಗಿತ್ತು, ಅದು ನನಗೂ ಕಂಡಿತು. ಆದರೆ ನೋವಾಗಿದೆ ಎಂದು ಬಾಯಿಬಿಟ್ಟು ಹೇಳುವ ಬದಲು ಕಲಮು ಮೂರರ ಹಿಂದೆ ಹೋಗಿ ಕೂತರಲ್ಲ, ಅದನ್ನು ನಾನು ಇವತ್ತಿಗೂ ಹೊಟ್ಟೆಗೆ ಹಾಕಿಕೊಂಡಿಲ್ಲ. ಬಾಯಿಗೆ ಬಂದಂತೆ ಜಗಳಾಡಿದೆ. ಆತ್ಯಾ ಒಳಗೆ ಹೋಗಿ ಮೆಂತ್ಯದ ಸೊಪ್ಪು ಸೋಸುತ್ತ ಕೂತಳು. ಮೂರನೇ ಕಲಮು ತೆಗೆದು ಬೇರೆ ಬರೆಸಬಹುದೇ ಎಂದು ಬ್ಯಾಂಕಿನಲ್ಲಿ ಕೇಳಿದೆ. ಮುಖ್ಯ ಕಚೇರಿ ಛಾಪಿಸಿದ್ದರಲ್ಲಿ ಒಂದು ಅಕ್ಷರವನ್ನೂ ಬದಲಿಸುವ ಹಾಗಿಲ್ಲ ಎಂದ ಪರಾಗ. ಅವನೂ ಮಾಮಾನೂ ಒಂದೇ ತಾಯಿಯ ಮಕ್ಕಳೇನೋ ಎನ್ನಿಸಿತು.

ಮಾರ್ಚ್ ಇಪ್ಪತ್ತೂ ಗುರುವಾರವೇ ಬಂತು. ಇನ್ನು ನೆಪ ಬೇಕಿರಲಿಲ್ಲ. ಎಲ್ಲಿಗೆಂದು ಮಾಮಾ ಕೇಳಲಿಲ್ಲ, ಆಕೆ ಹೇಳಲಿಲ್ಲ. ಹತ್ತು ಗಂಟೆಗೆ ನಾವು ಬೆಂಚಿನ ಮೇಲಿದ್ದೆವು. ಸೊಲ್ಲಾಪುರದಿಂದ ಬೀಗ ಒಡೆಯುವವನು ಡ್ರಿಲ್ಲಿನ ಪೆಟ್ಟಿಗೆ ಹಿಡಿದು ಬಂದಿದ್ದ. ಪಂಚರಾಗಿ ಇಬ್ಬರು ಬೇಕಿತ್ತು. ಎದುರಿನ ಕಾಳಿನ ಅಂಗಡಿಯ ಮಲಕಾಜಪ್ಪ ಬಂದು ಕೂತಿದ್ದ. ಇನ್ನೊಬ್ಬರು ಯಾರೋ ನಿವೃತ್ತ ತಲಾಠಿ, ಹನ್ನೊಂದೂವರೆಯಾದರೂ ಪತ್ತೆಯಿಲ್ಲ. ಆಮೇಲೆ ಅವರು ಹನ್ನೂರಿಗೆ ಯಾರದೋ ತಿಥಿಗೆ ಹೋಗಿದ್ದಾರೆಂದು ಗೊತ್ತಾಯಿತು.

ಪರಾಗ ಗಡಿಯಾರ ನೋಡಿದ, ಬೀಗದವನನ್ನು ನೋಡಿದ, ಆಮೇಲೆ ಆತ್ಯಾನನ್ನು ನೋಡಿದ. ಹತ್ತಿರ ಬಂದು ಎಂದಿನ ನಯದಲ್ಲಿ, ಬಾಯಿ, ನೀವೇ ಯಾಕೆ ಪಂಚರಾಗಬಾರದು ಎಂದು ಕೇಳಿದ. ನಾನು ಕೇಳಿಸಿಕೊಂಡದ್ದು ಸರಿಯೇ ಎಂದು ಒಂದು ಕ್ಷಣ ಸಂಶಯ ಬಂತು.

“ಇಕಿ ಯಾರಂತ ಗೊತ್ತಿಲ್ಲಂತ ಎರಡು ತಿಂಗಳ ಆತು ಹೇಳಾಕತ್ತೀರಿ!” ಅಂದೆ ಮರಾಠಿಯಲ್ಲಿ.

ಹಾಗಲ್ಲ, ಎಂದ. ಗೋಪಿಕಾ ಹತ್ತೂರಕರ ಅವರ ರೇಷನ್ ಕಾರ್ಡು, ಮತದಾರರ ಚೀಟಿ, ಎರಡು ಫೋಟೋ ಎಲ್ಲ ನಮ್ಮ ಫೈಲಿನಲ್ಲೇ ಇವೆ. ಅವರ ಬಗ್ಗೆ ಬ್ಯಾಂಕಿಗೆ ಯಾವ ಸಂಶಯವೂ ಇಲ್ಲ. ಸಂಶಯವಿರುವುದು ದ್ರೌಪದಿಯವರ ಬಗ್ಗೆ. ಇವತ್ತು ಪಂಚನಾಮೆ ಆಗದಿದ್ದರೆ ಲಾಕರಿನ ವಸ್ತುವೆಲ್ಲ ಪುಣೆಯ ಮುಖ್ಯ ಕಚೇರಿಗೆ ಹೋಗುತ್ತದೆ. ಪಂಚನಾಮೆ ಆದರೆ ಮೊಹರು ಮಾಡಿ ಇಲ್ಲೇ ಇಟ್ಟುಕೊಳ್ಳುತ್ತೇವೆ, ಯಾರಾದರೂ ಹಕ್ಕು ಸಾಧಿಸಿದರೆ ಕೊಡುತ್ತೇವೆ.

“ಆತ್ಯಾ, ಬ್ಯಾಡ. ಎದ್ದು ನಡಿ,” ಅಂದೆ. ನನ್ನ ಕಣ್ಣಲ್ಲಿ ನೀರು ಬಂದಿತ್ತು, ಸಿಟ್ಟಿಗೆ.

“ಪುಣೆಕ್ಕ ಹ್ವಾದರ ನಾ ಎಲ್ಲಿ ಹುಡುಕ್ಕೊಂಡು ಹೋಗಲಿ ಮಂಜಿ? ಪಂಚರಿಗಷ್ಟ ಒಳಗ ಬಿಡ್ತಾರ. ಒಮ್ಮೆ ಕಣ್ಣಿಲೆ ನೋಡಿ ಬರ್ತೀನಿ,” ಎಂದು ಆತ್ಯಾ ಎದ್ದಳು.

ನಾನು ಕಬ್ಬಿಣದ ಜಾಳಿಗೆಯ ಹೊರಗೆ ನಿಂತೆ. ಇಪ್ಪತ್ತೇಳನೇ ಬಾಗಿಲಿನ ಎದುರು ಆತ್ಯಾ ಸೊಂಟದಿಂದ ಕೀಲಿ ತೆಗೆದು ಹಿಡಿದಳು. ಸುಮ್ಮನೆ ಯಾಕೆ ಬಾಗಿಲು ಕೆಡಿಸುತ್ತೀರಿ, ಇದರಿಂದ ತೆಗೆಯಿರಿ ಎಂದಳು. ಕೀಲಿ ಒಡತಿಯ ಬಳಿ ಇರಬೇಕಾದದ್ದು, ಪಂಚರ ಕೈಯಲ್ಲಿತ್ತು ಎಂದು ಬರೆಯಲು ಬರುವುದಿಲ್ಲ ಎಂದ ಪರಾಗ. ಡ್ರಿಲ್ಲು ಅರ್ಧ ಗಂಟೆ ಕೊರೆಯಿತು. ಅದರ ಖರ್ಚನ್ನು ದ್ರೌಪದಿಯ ಹೆಸರಿಗೆ ಹಾಕಿದರು.

ಕೆಂಪು ಖಣದ ತುಂಡಿನಲ್ಲಿ ಸುತ್ತಿದ ಎರಡು ಪಾಟಲಿ ಹೊರಗೆ ಬಂದವು. ಬಟ್ಟೆ ಪಿಸಿದು ಹೋಗಿತ್ತು, ಬಂಗಾರಕ್ಕೆ ಏನೂ ಆಗಿರಲಿಲ್ಲ. ಆತ್ಯಾ ತನಗೆ ತಿಳಿಯದೆಯೇ ಕೈ ಚಾಚಿದಳು.

“ಹಾತ ಲಾವೂ ನಕಾ, ಬಾಯಿ,” ಎಂದ ಪರಾಗ. ಮುಟ್ಟಬೇಡಿ. ಆತ್ಯಾ ಕೈ ಹಿಂದಕ್ಕೆ ತೆಗೆದುಕೊಂಡಳು. ಸಿದ್ರಾಮ ಗೋಡೆಯ ಕಡೆ ಮುಖ ಮಾಡಿ ನಿಂತ.

ಪಾಟಲಿಗಳನ್ನು ತೂಗಿ, ಲಕೋಟೆಯಲ್ಲಿ ಹಾಕಿ ಅರಗಿನ ಮೊಹರು ಒತ್ತಿದರು. ಪರಾಗ ಪಂಚನಾಮೆ ಬರೆದು ಓದಿದ. ಲಾಕರಿನ ಒಡತಿ ಕುಮಾರಿ ದ್ರೌಪದಿ ಮೈಂದರ್ಗಿಕರ ಈ ಹೊತ್ತಿನಲ್ಲಿ ಹಾಜರಿಲ್ಲ, ಎಲ್ಲ ರೀತಿಯಿಂದ ವಿಚಾರಿಸಿದರೂ ಆಕೆಯ ಪತ್ತೆ ಸಿಕ್ಕಿಲ್ಲ, ಇದನ್ನು ನಾವು ಪಂಚರು ಖುದ್ದಾಗಿ ಕಂಡಿದ್ದೇವೆ. ಮಲಕಾಜಪ್ಪ ಸಹಿ ಮಾಡಿ ಅಂಗಡಿಗೆ ಓಡಿದ. ಆತ್ಯಾ ಪೆನ್ನು ತೆಗೆದುಕೊಂಡು, ಮೇಜಿನ ಮೇಲೆ ಬಗ್ಗಿ, ಗೋಪಿಕಾ ದಾಮೋದರ ಹತ್ತೂರಕರ ಎಂದು ಬರೆದಳು. ಈ ಸಲ ಕೈ ನಡುಗಲಿಲ್ಲ. ಪರಾಗ ಆ ಸಹಿಯನ್ನು ಯಾವ ಕಾರ್ಡಿನ ಜೊತೆಗೂ ತಾಳೆ ನೋಡಲಿಲ್ಲ, ನೇರ ಠಸ್ಸೆ ಒತ್ತಿದ.